ದನದ ವೈದ್ಯ ಮಾಡುತ್ತಿದ್ದ ಮನೆಗಳು



ಕಳೆದ ಸರ್ವಸಾಧಾರಣ ಸಭೆಯಲ್ಲಿ ಗೊಬ್ಬರದ ದರದ ಮೇಲೆ ಬಿಸಿ ಬಿಸಿ ಚರ್ಚೆ ನಡೆದಿತ್ತು. ಆಗ ಖಾನಾಪುರ ಕಡೆಯ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಗೊಬ್ಬರದ ಮಾತು ಆಮ್ಯಾಲೆ ಆಡೋಣ್ರಿ. ದನಾ ಉಳದ್ರ ಗೊಬ್ಬರ ಉಳೀತದ. ಮೊದಲ ನಮ್ಮ ಕಡೆ ನಾಕು ಊರಿಗೊಂದು ದನದ ವೈದ್ಯರ ಮನಿ ಇರತಿತ್ತು. ಅಪ್ಪನಿಂದ ಮಗಗ, ಮಗನಿಂದ ಮೊಮ್ಮಗಗ ನಡಕೊಂಡು ಬರತಿತ್ತು. ಅವೆಲ್ಲಾ ಎಲ್ಲಿ ಹೋದವು, ಕಾರ್ಯದರ್ಶಿಗಳು ಒಂದೀಟ ಬರೀಬೇಕು" ಎಂದರು. ಸಭೆ ನಕ್ಕಿತು. ನಾನೂ ನಕ್ಕು "ಆಗಲಿ" ಎಂದೆ. ಆ ಮಾತಿನಂತೆ ಈ ಲೇಖನ.

ಮೊದಲು ಒಂದು ಸಣ್ಣ ಲೆಕ್ಕ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಹಾಕಬೇಕೆಂಬುದು ಕೃಷಿ ಸಂಶೋಧಕರ ಶಿಫಾರಸು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ ಕೂಡುತ್ತವೆ. ಅಂದರೆ ಎಕರೆಗೆ ವರ್ಷಕ್ಕೆ ಆರೂವರೆ ಟನ್ನಿನಷ್ಟು ಗೊಬ್ಬರ. ನಾಟಿ ಆಕಳೊಂದು ದಿನಕ್ಕೆ ಹತ್ತು ಕಿಲೋದಷ್ಟು ಸಗಣಿ ಹಾಕೀತು. ಒಣಗಿ ಕೊಳೆತ ಮೇಲೆ ಅದರಲ್ಲಿ ಉಳಿಯುವುದೆಷ್ಟು ಎಂಬುದು ತಿಪ್ಪೆ ತೆಗೆದವರಿಗೆಲ್ಲ ಗೊತ್ತು. ಕೊಟ್ಟಿಗೆಗೆ ಸೊಪ್ಪು ಹಾಸಿ ಮಾಡಿದರೂ ಎಕರೆಗೆ ಮೂರು ದನವಾದರೂ ಬೇಕು. ಹಿರಿಯರು ಹೇಳಿದ ಮಾತಿನಲ್ಲಿ ಸುಳ್ಳಿಲ್ಲ. ಎರಡು ಎಕರೆಯವನ ಕೊಟ್ಟಿಗೆಯಲ್ಲಿ ಒಂದು ಆಕಳು ಸತ್ತರೆ ಹಾಲು ಹೋದದ್ದು ಆ ವಾರ ಕಾಣುತ್ತದೆ, ಗೊಬ್ಬರ ಹೋದದ್ದು ಎರಡು ವರ್ಷದ ಮೇಲೆ ಗೊನೆಯಲ್ಲಿ ಕಾಣುತ್ತದೆ.

ಈಗ ಆ ಮನೆಗಳ ವಿಷಯ. ನಮ್ಮ ಭಾಗದಲ್ಲಿ ದನಕರುಗಳ ಆರೈಕೆಯನ್ನು ವಂಶಪಾರಂಪರ್ಯವಾಗಿ ಮಾಡಿಕೊಂಡು ಬಂದವರು ಒಂದೇ ಬಗೆಯವರಲ್ಲ.

ಎಲ್ಲರ ಕಣ್ಣಿಗೆ ಬೀಳುತ್ತಿದ್ದವರು ನಾಲಬಂದರು. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯಲ್ಲಿ ಈ ಅಡ್ಡಹೆಸರಿನ ಮನೆತನಗಳು ಇಂದಿಗೂ ಇವೆ. ನಾಲು ಎಂದರೆ ಲಾಳ. ನಾಲಬಂದ ಎಂದರೆ ಲಾಳ ಕಟ್ಟುವವ. ಪಾರಸಿಯಿಂದ ಬಂದ ಹೆಸರು. ಕುದುರೆಗೆ ಕಾಲಿಗೊಂದರಂತೆ ನಾಲ್ಕು ಲಾಳ ಸಾಕು. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಎಂಟು ಬೇಕು. ಎತ್ತನ್ನು ಹಗ್ಗ ಹಾಕಿ ಮೆತ್ತಗೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸು ಕೆತ್ತಿ ಸಮ ಮಾಡಿ ಮೊಳೆ ಹೊಡೆಯಬೇಕು. ಮೊಳೆ ಒಂದು ಕೂದಲೆಳೆಯಷ್ಟು ಒಳಗೆ ಸರಿದರೂ ಹಸಿ ಭಾಗಕ್ಕೆ ತಾಗಿ ಎತ್ತು ಕುಂಟುತ್ತದೆ. ಕೀವಾಗಿ ತಿಂಗಳುಗಟ್ಟಲೆ ಗಾಡಿಗೆ ಬಾರದು. ಪುಣೆ ಬೆಂಗಳೂರು ಹೆದ್ದಾರಿಯ ಮೇಲಿರುವ ಕಾಕತಿಯಂಥ ಊರುಗಳಲ್ಲಿ ಗಾಡಿಗಳ ಸಾಲು ನಿಲ್ಲುತ್ತಿದ್ದ ಕಾಲಕ್ಕೆ ಇವರಿಗೆ ಬಿಡುವಿರಲಿಲ್ಲ. ದಿನಾಲು ಹತ್ತಾರು ಗೊರಸು ನೋಡುವ ಕಣ್ಣಿಗೆ ಕಾಲಿನ ಬೇನೆ ಎಲ್ಲರಿಗಿಂತ ಮೊದಲೇ ತಿಳಿಯುತ್ತಿತ್ತು.

ಎರಡನೆಯವರು ಸಾಲೋತ್ರಿಗಳು. ಕುದುರೆಯ ವೈದ್ಯಕ್ಕೆ ಮೂಲಪುರುಷನೆಂದು ಹೇಳುವ ಶಾಲಿಹೋತ್ರನ ಹೆಸರೇ ಸವೆದು ಸಾಲೋತ್ರಿ ಆಯಿತು. ದಂಡಿನೊಡನೆ ಇದ್ದವರು ಇವರು. 1818ರಲ್ಲಿ ಬೆಳಗಾವಿ ಕೋಟೆ ಕಂಪನಿ ಸರಕಾರದ ಕೈಸೇರಿ ಮುಂದೆ ಕ್ಯಾಂಪು ಬೆಳೆಯಿತು. ಕ್ಯಾಂಪೆಂದ ಮೇಲೆ ಕುದುರೆ, ಸಾಮಾನು ಹೊರುವ ಎತ್ತು, ಅವುಗಳ ಹಿಂದೆ ಇಂಥ ಕೆಲಸಗಾರರು. ಇಂಗ್ಲಿಷ್ ಸೈನ್ಯವೂ ದೇಶೀ ಪಶುವೈದ್ಯ ಸಹಾಯಕರನ್ನು ಇದೇ ಹೆಸರಿನಿಂದ ಕರೆಯುತ್ತಿತ್ತು.

ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿ ಎಮ್ಮೆ ಕಟ್ಟಿಕೊಂಡು ಬಾಳಿದ ಧನಗರ ಗೌಳಿಗರದು ಇನ್ನೊಂದು ಲೆಕ್ಕ. ಎಮ್ಮೆಯಿಂದಲೇ ಹೊಟ್ಟೆ ಹೊರೆಯುವವನಿಗೆ ಎಮ್ಮೆಯ ಬೇನೆ ಗೊತ್ತಿಲ್ಲದಿದ್ದರೆ ನಡೆಯುವುದಿಲ್ಲ.

ಸಭೆಯಲ್ಲಿ ಹಿರಿಯರು ನೆನೆದದ್ದು ಈ ಯಾರನ್ನೂ ಅಲ್ಲ. ಅವರ ಮನಸ್ಸಿನಲ್ಲಿದ್ದದ್ದು ಒಕ್ಕಲುತನ ಮಾಡಿಕೊಂಡೇ ಬೇರು, ಸೊಪ್ಪು, ಚಕ್ಕೆಯ ಔಷಧ ಕೊಡುತ್ತಿದ್ದ ಮನೆಗಳು. ಅಂಥ ಒಂದು ಮನೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕಿತ್ತೂರ ರಾಣಿ ಚೆನ್ನಮ್ಮನ ತವರೂರು ಕಾಕತಿ; ನನ್ನ ತಾಯಿಯ ತವರೂ ಅದೇ. ಬೇಸಿಗೆ ಸೂಟಿಯಲ್ಲಿ ಅಲ್ಲಿಗೆ ಹೋದಾಗ ಆ ಮುದುಕರ ಹಿಂದೆ ತಿರುಗುವುದೇ ನಮ್ಮ ಆಟ. ಮನೆಯವರ ಹೆಸರು ಇಲ್ಲಿ ಬೇಡ. ಅವರ ತಂದೆಯೂ ಅದೇ ಕೆಲಸ ಮಾಡಿದವರು, ಅಜ್ಜನೂ ಮಾಡಿದ್ದರಂತೆ.

ಬೇನೆ ಬಂದ ದನವನ್ನು ಅವರು ಕೂಡಲೇ ಮುಟ್ಟುತ್ತಿರಲಿಲ್ಲ. ದೂರ ನಿಂತು ಒಂದು ಎಲೆ ಅಡಿಕೆ ಹಾಕಿಕೊಂಡು, ಅದು ಮುಗಿಯುವವರೆಗೆ ಸುಮ್ಮನೆ ನೋಡುತ್ತಿದ್ದರು. ಮೆಲುಕು ಹಾಕುತ್ತದೋ ಇಲ್ಲವೋ. ಯಾವ ಕಾಲಿನ ಮೇಲೆ ಭಾರ ಬಿಟ್ಟಿದೆ. ಉಸಿರು ಹೊಟ್ಟೆಯಿಂದ ಬರುತ್ತದೋ ಎದೆಯಿಂದಲೋ. ಆಮೇಲೆ ಹತ್ತಿರ ಬಂದು ಮೂತಿ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ, ಕಿವಿಯ ಬುಡ ಹಿಡಿದು ಬಿಸಿಯೋ ತಣ್ಣಗೋ ನೋಡಿ, ಎಡ ಪಕ್ಕೆಯ ಮೇಲೆ ಬೆರಳು ಬಡಿದು ಸಪ್ಪಳ ಕೇಳುತ್ತಿದ್ದರು. ಕಡೆಗೆ ಸಗಣಿಯನ್ನು ಕಟ್ಟಿಗೆಯಿಂದ ಕೆದಕುತ್ತಿದ್ದರು. "ತಮ್ಮಾ, ದನಕ್ಕ ಬಾಯಿ ಇಲ್ಲ ಅಂತಾರ. ಅದಕ್ಕ ಎರಡೂ ಕಡೆ ಬಾಯಿ ಅದ" ಎಂದು ಒಮ್ಮೆ ನನಗೆ ಹೇಳಿದ್ದು ನೆನಪಿದೆ. ಇಂದು ಪದವಿ ಪಡೆದ ವೈದ್ಯರೂ ಥರ್ಮಾಮೀಟರ್, ಸ್ಟೆತಸ್ಕೋಪುಗಳೊಡನೆ ಇದೇ ಕ್ರಮದಲ್ಲಿ ನೋಡುತ್ತಾರೆ. ದೂರದಿಂದ ನೋಡುವುದು ಮೊದಲು, ಮುಟ್ಟುವುದು ಆಮೇಲೆ.

ದುಡ್ಡು ಮುಟ್ಟುತ್ತಿರಲಿಲ್ಲ. ದುಡ್ಡು ತಗೊಂಡರೆ ಔಷಧದ ಗುಣ ಹೋಗುತ್ತದೆ ಎಂಬ ನಂಬಿಗೆ. ಎಲೆ, ಅಡಿಕೆ, ತೆಂಗಿನಕಾಯಿ, ಸುಗ್ಗಿಯಲ್ಲಿ ಒಂದು ಮರ ಜೋಳ, ಅಷ್ಟೇ. ಬಡಿಗ, ಕಮ್ಮಾರರಿಗೆ ಕಣದಲ್ಲಿ ಆಯ ಕೊಡುವ ಪದ್ಧತಿಯಿತ್ತಲ್ಲ, ಅದರ ನೆರಳಿನಲ್ಲೇ ಇದೂ ನಡೆದಿತ್ತು. ಔಷಧದ ಗಿಡದ ಹೆಸರು ಹೇಳಿದರೂ ಗುಣ ಹೋಗುತ್ತದೆ ಎಂಬುದು ಎರಡನೆಯ ನಂಬಿಗೆ. ಹಿರಿಯ ಮಗನಿಗೆ ಮಾತ್ರ ಹೇಳಬೇಕು. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರಾದ್ದರಿಂದ ಅವರಿಗೆ ಹೇಳಬಾರದು. ಈ ಗುಟ್ಟಿನ ಬಗ್ಗೆ ನನಗೆ ಮೊದಲು ಬಹಳ ಗೌರವವಿತ್ತು. ಈಗ ಇಲ್ಲ. ಕೊಟ್ಟಿಗೆಯ ಕೆಲಸದ ಮುಕ್ಕಾಲು ಪಾಲು ಮಾಡುವವರು ಹೆಣ್ಣುಮಕ್ಕಳು. ಅವರಿಗೇ ಹೇಳಬಾರದೆಂದ ವಿದ್ಯೆ ಎಷ್ಟು ದಿನ ಉಳಿದೀತು?

ಹಾಗೆಂದು ಕನ್ನಡಿಗರಲ್ಲಿ ಈ ವಿದ್ಯೆ ಸದಾ ಗುಟ್ಟಾಗಿಯೇ ಇತ್ತೆಂದಲ್ಲ. ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ (1076–1126) ತಮ್ಮನಾದ ಕೀರ್ತಿವರ್ಮನು 'ಗೋವೈದ್ಯ' ಎಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದನು. ದನಗಳ ಚಿಕಿತ್ಸೆಗಾಗಿಯೇ ಮೀಸಲಾದ ಪುಸ್ತಕ. ಔಷಧದ ಜೊತೆಗೆ ಮಂತ್ರವೂ ಅದರಲ್ಲಿ ಬರುತ್ತದೆ. ಆ ಕಾಲಕ್ಕೆ ಅದು ಸಹಜ. ಅರಸುಮನೆತನದವನೊಬ್ಬ ಆಕಳು ಎತ್ತುಗಳ ಬೇನೆಗೆ ದೇಶಭಾಷೆಯಲ್ಲಿ ಪುಸ್ತಕ ಬರೆದನೆಂದರೆ ಓದಿ ಉಪಯೋಗಿಸುವವರು ಇದ್ದರೆಂದೇ ಅರ್ಥ. ಒಂಬತ್ತು ನೂರು ವರ್ಷದ ಹಿಂದೆ ಬರೆದಿಟ್ಟದ್ದನ್ನು ನಮ್ಮ ಕಾಲದ ಮನೆಗಳು ಮತ್ತೆ ಬಾಯಿಮಾತಿಗೆ ಇಳಿಸಿ, ಅದಕ್ಕೂ ಬೀಗ ಹಾಕಿಕೊಂಡವು.

ಈ ಮನೆಗಳ ಶಕ್ತಿ ಎಲ್ಲಿಯವರೆಗೆ ಇತ್ತು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊಟ್ಟೆ ಉಬ್ಬರ, ಕಸ ಬೀಳದಿರುವುದು, ಕೀಲು ತಪ್ಪುವುದು, ಹುಳ ಬಿದ್ದ ಹುಣ್ಣು ಇವುಗಳಲ್ಲಿ ಅವರ ಕೈ ನಡೆಯುತ್ತಿತ್ತು. ಊರಿಗೆ ಊರೇ ಹಿಡಿಯುವ ರೋಗದ ಮುಂದೆ ನಡೆಯುತ್ತಿರಲಿಲ್ಲ. ದೊಡ್ಡ ರೋಗ ಎಂಬ ಹೆಸರು ಇಂದಿನ ತರುಣರಿಗೆ ಗೊತ್ತೇ ಇಲ್ಲ. ಜ್ವರ ಬಂದು, ಬಾಯಲ್ಲಿ ಹುಣ್ಣೆದ್ದು, ನಾರುವ ಭೇದಿ ಹತ್ತಿ ವಾರ ಹತ್ತು ದಿನದಲ್ಲಿ ದನ ಬೀಳುತ್ತಿತ್ತು, ಕೊಟ್ಟಿಗೆಗಳು ಖಾಲಿಯಾಗುತ್ತಿದ್ದವು. ದ್ಯಾಮವ್ವ, ದುರ್ಗವ್ವರಿಗೆ ಹರಕೆ ಹೊರುವುದು ಬಿಟ್ಟರೆ ಊರಿಗೆ ಬೇರೆ ದಾರಿಯಿರಲಿಲ್ಲ. ವೈದ್ಯರ ಮನೆಯವರು ಕಾಸಿದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಅದರಿಂದ ರೋಗ ಹೋಗಲಿಲ್ಲ, ದನಕ್ಕೆ ಎರಡು ನೋವಾಯಿತು ಅಷ್ಟೇ.

ಅದನ್ನು ಕಿತ್ತೊಗೆದದ್ದು ಬೇರೊಂದು ದಾರಿ, ಮತ್ತು ಅದಕ್ಕೆ ಹಿಡಿದದ್ದು ನೂರು ವರ್ಷಕ್ಕೂ ಮಿಕ್ಕಿದ ಕಾಲ. ದನಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ ಸರಕಾರಿ ಆಯೋಗದ ವರದಿ ಹೊರಬಂದದ್ದು 1871ರಲ್ಲಿ. 1886ರಲ್ಲಿ ಮುಂಬಯಿಯಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ, ಈ ಕಡೆಯವರಿಗೆ ಡಾಕ್ಟರಿಕೆಯ ದಾರಿ ತೆರೆದದ್ದು ಆ ಕಾಲೇಜಿನಿಂದ. 1889ರಲ್ಲಿ ಪುಣೆಯಲ್ಲಿ ರೋಗಾಣು ಪ್ರಯೋಗಾಲಯ ಸ್ಥಾಪನೆಯಾಗಿ, 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಅಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದ ಕೊನೆಗೆ ಆಡಿನ ಮೈಯಲ್ಲಿ ರೋಗಾಣುವನ್ನು ಮತ್ತೆ ಮತ್ತೆ ಹಾಯಿಸಿ, ಅದರ ತೀಕ್ಷ್ಣತೆ ಕಡಿಮೆ ಮಾಡಿ ಲಸಿಕೆ ತಯಾರಿಸಿದ. ಸ್ವಾತಂತ್ರ್ಯದ ನಂತರ 1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಭಾರತದಲ್ಲಿ ಕೊನೆಯ ಬಾರಿ ದೊಡ್ಡ ರೋಗ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. 2006ರಲ್ಲಿ ನಮ್ಮ ದೇಶಕ್ಕೆ ಮುಕ್ತಿಯ ಮಾನ್ಯತೆ ದೊರೆಯಿತು, 2011ರಲ್ಲಿ ಇಡೀ ಜಗತ್ತಿಗೆ. ಮನುಷ್ಯರ ಸಿಡುಬಿನ ನಂತರ ಭೂಮಿಯ ಮೇಲಿಂದ ಅಳಿಸಿಹೋದ ಎರಡನೆಯ ರೋಗ ಇದೇ. ಲಸಿಕೆ ಹಾಕುವವರು ಬಂದಾಗ ದನಗಳನ್ನು ಕಾಡಿಗೆ ಹೊಡೆದು ಬಚ್ಚಿಡುವ ಮಂದಿ ಇಂದಿಗೂ ನಮ್ಮಲ್ಲಿ ಇದ್ದಾರೆ. ಅವರು ಈ ಪ್ಯಾರಾವನ್ನು ಇನ್ನೊಮ್ಮೆ ಓದಬೇಕೆಂದು ಕೋರಿಕೆ.

ಮನೆಗಳು ನಿಂತುಹೋದದ್ದಕ್ಕೆ ಒಂದೇ ಕಾರಣ ಹೇಳಲಾಗದು. ಸರಕಾರಿ ದವಾಖಾನೆ ಬಂತು, ಸೂಜಿ ಬಂತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಟ್ರ್ಯಾಕ್ಟರ್ ಬಂದು ಎತ್ತುಗಳೇ ಕಡಿಮೆಯಾದ ಮೇಲೆ ನಾಲಬಂದರಿಗೆ ಕೆಲಸವೆಲ್ಲಿ? ಸಕ್ಕರೆ ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬು ಹೊಡೆಯುವ ಕಡೆ ಮಾತ್ರ ಅವರ ಸುತ್ತಿಗೆಯ ಸಪ್ಪಳ ಇನ್ನೂ ಕೇಳುತ್ತದೆ. ಔಷಧದ ಮನೆಗಳಿಗೆ ದುಡ್ಡು ಮುಟ್ಟಬಾರದೆಂಬ ಕಟ್ಟಳೆಯೇ ಉರುಳಾಯಿತು. ಕಣದ ಜೋಳ ನಿಂತಿತು, ಅದರ ಬದಲಿಗೆ ದಕ್ಷಿಣೆ ಬರಲಿಲ್ಲ. ನಾನು ಹೇಳಿದ ಮುದುಕರ ಮಗ ಕಾರ್ಖಾನೆಯ ಕೆಲಸಕ್ಕೆ ಹೋದರು. ಹೋಗದೆ ಏನು ಮಾಡಬೇಕಿತ್ತು? ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಗಿನ ಜಾವ ಎಬ್ಬಿಸಿ "ಎಮ್ಮಿ ಈಯಾಕ ಒಲ್ಲದು, ಬರ್ರಿ" ಎಂದು ಕರೆಯುವವರು ನಾವೇ, ಕೈಗೆ ಒಂದು ಎಲೆ ಅಡಿಕೆ ಕೊಟ್ಟು ಕಳಿಸುವವರೂ ನಾವೇ. ಅದರ ಮೇಲೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಬಂತು. ಅದರ ಪ್ರಕಾರ ನೋಂದಾಯಿತ ಪಶುವೈದ್ಯರ ಹೊರತು ಬೇರೆಯವರು ಈ ವೃತ್ತಿ ನಡೆಸುವಂತಿಲ್ಲ. ಸಣ್ಣಪುಟ್ಟ ಚಿಕಿತ್ಸೆಗೆ ಮಾತ್ರ ರಾಜ್ಯ ಸರಕಾರದ ಆದೇಶದಂತೆ, ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಅವಕಾಶವುಂಟು. ಕಾಯ್ದೆ ಸರಿಯಾದದ್ದೇ. ಆದರೆ ಅದು ಬರುವ ಹೊತ್ತಿಗೆ ಬಹಳ ಮನೆಗಳ ಬಾಗಿಲು ತಾವಾಗಿಯೇ ಮುಚ್ಚುತ್ತಿದ್ದವು.

ಮುದುಕರು ತೀರಿಕೊಂಡ ಮೇಲೆ ಅವರ ಕಪ್ಪು ರಟ್ಟಿನ ವಹಿ ಸಿಕ್ಕಿತು. "ದೊಡ್ಡದು ಒಂದು ಪಾಲು, ಮೂರೆಲೆಯದು ಎರಡು ಪಾಲು, ಹಳ್ಳದ ದಂಡಿಯದು ಚಿಟಿಕೆ" ಎಂಬಂಥ ಬರವಣಿಗೆ. ಮೂರೆಲೆಯದು ಯಾವುದು, ಹಳ್ಳದ ದಂಡಿಯದು ಯಾವುದು ಎಂದು ಮಗನಿಗೂ ಪೂರ್ತಿ ತಿಳಿಯದು.

ಹೋದದ್ದು ಗಿಡಗಳ ಹೆಸರು ಮಾತ್ರವಲ್ಲ ಎಂಬುದು ನನಗೆ ಬಹಳ ತಡವಾಗಿ, ನಮ್ಮ ಸ್ವಂತ ಕೊಟ್ಟಿಗೆಯಲ್ಲೇ ತಿಳಿಯಿತು. ನಮ್ಮ ತೋಟದ ಮನೆಯಲ್ಲಿ ಒಂದು ಆಕಳಿಗೆ ಹೊಟ್ಟೆ ಉಬ್ಬರಿಸಿತ್ತು. ಎಣ್ಣೆ ಕುಡಿಸಬೇಕೆಂಬುದು ಎಲ್ಲರಿಗೂ ಗೊತ್ತು. ಮುದುಕರು ಮಾಡಿಕೊಟ್ಟ ಬಿದಿರಿನ ಗೊಟ್ಟ ಮನೆಯಲ್ಲಿಯೇ ಇತ್ತು. ಒಬ್ಬರು ಮೂಗುದಾರ ಹಿಡಿದು ತಲೆಯನ್ನು ಮೇಲಕ್ಕೆತ್ತಿದರು, ಇನ್ನೊಬ್ಬರು ನಾಲಿಗೆ ಎಳೆದು ಹಿಡಿದರು, ನಾನು ಗೊಟ್ಟದ ಎಣ್ಣೆಯನ್ನು ಒಂದೇ ಸಲಕ್ಕೆ ಸುರಿದೆ. ಆಕಳು ಕೆಮ್ಮಿತು. ಉಬ್ಬರ ಇಳಿಯಿತೆಂದು ನಾವು ಸಂತೋಷಪಟ್ಟೆವು. ಮಾರನೆಯ ದಿನ ಮೂಗಿನಿಂದ ಸುರಿಯತೊಡಗಿ, ಉಸಿರಾಟ ಜೋರಾಯಿತು. ಡಾಕ್ಟರು ಬಂದು ನೋಡಿ, "ಎಣ್ಣಿ ಹೊಟ್ಟಿಗೆ ಹೋಗಿಲ್ರಿ, ಶ್ವಾಸಕೋಶಕ್ಕ ಹೋಗೇದ" ಎಂದರು. ನಾಲ್ಕನೆಯ ದಿನ ಆಕಳು ಸತ್ತಿತು. ಗಬ್ಬವಿತ್ತು.

ಆಗ ನೆನಪಾಯಿತು: ಆ ಮುದುಕರು ಎಂದೂ ದನದ ನಾಲಿಗೆ ಎಳೆದದ್ದನ್ನು ನಾನು ಕಂಡಿರಲಿಲ್ಲ. ನುಂಗುವುದಕ್ಕೆ ನಾಲಿಗೆ ಬೇಕೇ ಬೇಕು. ತಲೆಯನ್ನು ನೆಲಕ್ಕೆ ಸಮನಾಗಿ, ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದಂತೆ ಹಿಡಿಯಬೇಕು. ಗೊಟ್ಟವನ್ನು ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಜಾಗದಲ್ಲಿ ಸೇರಿಸಬೇಕು. ಒಂದು ಗುಟುಕು ಹಾಕಿ, ನುಂಗಿದ ಮೇಲೆ ಇನ್ನೊಂದು. ಕೆಮ್ಮಿದರೆ ಕೂಡಲೇ ತಲೆ ಬಿಟ್ಟು ಕೆಳಗೆ ಮಾಡಲು ಬಿಡಬೇಕು. ಕರು ಹಾಕಿದ ಮೇಲೆ ಹಾಲುಜ್ವರ ಬಂದು ಕುತ್ತಿಗೆ ಸೊಟ್ಟ ಮಾಡಿ ಮಲಗಿದ ದನಕ್ಕೆ ಬಾಯಿಂದ ಏನನ್ನೂ ಕುಡಿಸಬಾರದು. ಅದಕ್ಕೆ ನುಂಗುವ ಶಕ್ತಿಯೇ ಇರುವುದಿಲ್ಲ. ಇದನ್ನು ಯಾವ ಮನೆಯೂ ಗುಟ್ಟಾಗಿ ಇಟ್ಟಿರಲಿಲ್ಲ. ದಿನಾಲೂ ನಮ್ಮ ಕಣ್ಣೆದುರೇ ಮಾಡುತ್ತಿದ್ದರು. ನಾವು ಗಿಡದ ಹೆಸರಿಗಾಗಿ ಕಿವಿ ಕೊಟ್ಟೆವು, ಕೈ ನೋಡಲಿಲ್ಲ.

ಗಿಡಗಳ ವಿಷಯದಲ್ಲಿ ಈಗ ಪರಿಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ಹಳ್ಳಿಯ ವೈದ್ಯರಿಂದ ಚಿಕಿತ್ಸೆಗಳನ್ನು ಸಂಗ್ರಹಿಸಿ ಪರಿಶೀಲಿಸಿದ್ದಾರೆ; ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಅವುಗಳಲ್ಲಿ ಹಲವನ್ನು ಅಳತೆ ಸಮೇತ ಹಾಲು ಉತ್ಪಾದಕರಿಗೆ ತಿಳಿಸಿಕೊಡುತ್ತಿದ್ದಾರೆ. ನಮ್ಮ ಸದಸ್ಯರ ತೋಟದಲ್ಲೇ ಸಾಮಾನು ಸಿಗುವಂಥ ಎರಡನ್ನು ಇಲ್ಲಿ ಕೊಡುತ್ತೇನೆ.

ಚರ್ಮಗಂಟು ರೋಗ 2019ರಲ್ಲಿ ಒಡಿಶಾದಲ್ಲಿ ಮೊದಲಿಗೆ ಕಂಡು, 2022ರಲ್ಲಿ ನಮ್ಮ ರಾಜ್ಯವನ್ನೂ ಕಾಡಿತು. ಆಗ ಪ್ರಚಾರಕ್ಕೆ ಬಂದ ಔಷಧ ಇದು: ವೀಳ್ಯದೆಲೆ 10, ಕರಿಮೆಣಸು 10 ಗ್ರಾಂ, ಉಪ್ಪು 10 ಗ್ರಾಂ ಕೂಡಿಸಿ ಅರೆದು, ಸಾಕಾಗುವಷ್ಟು ಬೆಲ್ಲ ಸೇರಿಸಿ ಉಂಡೆ ಮಾಡಿ ಸ್ವಲ್ಪ ಸ್ವಲ್ಪವಾಗಿ ತಿನ್ನಿಸುವುದು. ಮೊದಲ ದಿನ ಮೂರು ತಾಸಿಗೊಮ್ಮೆ, ಎರಡನೆಯ ದಿನದಿಂದ ಎರಡು ವಾರ ದಿನಕ್ಕೆ ಮೂರು ಸಲ. ಪ್ರತಿ ಸಲವೂ ಹೊಸದಾಗಿ ಅರೆಯಬೇಕು. ಎಲೆಬಳ್ಳಿಯೂ ಮೆಣಸಿನ ಬಳ್ಳಿಯೂ ಅಡಿಕೆ ಮರಕ್ಕೇ ಹಬ್ಬಿರುವಾಗ ನಾವು ಪೇಟೆಗೆ ಹೋಗುವ ಕಾರಣವಿಲ್ಲ. ಉಂಡೆಯಾದ್ದರಿಂದ ಗೊಟ್ಟವೂ ಬೇಡ.

ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಷಿಣ ಪುಡಿ 50 ಗ್ರಾಂ, ಎಲೆಗೆ ಹಚ್ಚುವ ಸುಣ್ಣ 15 ಗ್ರಾಂ ರುಬ್ಬಿದರೆ ಕೆಂಪು ಬಣ್ಣದ ಮುದ್ದೆಯಾಗುತ್ತದೆ. ಕೆಚ್ಚಲನ್ನು ತೊಳೆದು, ಹಾಲು ಪೂರ್ತಿ ಹಿಂಡಿ ತೆಗೆದು, ಮುದ್ದೆಯಲ್ಲಿ ಸ್ವಲ್ಪವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹಚ್ಚಬೇಕು. ಜೊತೆಗೆ ದಿನಕ್ಕೆರಡು ನಿಂಬೆಹಣ್ಣು ಕತ್ತರಿಸಿ ತಿನ್ನಿಸುವುದು. ಹಾಲಿನಲ್ಲಿ ರಕ್ತ ಬಂದರೆ ಅಥವಾ ದನ ಮೇವು ಬಿಟ್ಟರೆ ಐದು ದಿನ ಕಾಯದೆ ಅಂದೇ ಡಾಕ್ಟರನ್ನು ಕರೆಯಿರಿ. ಪಶು ಸಹಾಯವಾಣಿಯ ಸಂಖ್ಯೆ 1962.

ಲಸಿಕೆಗೆ ಇವು ಬದಲಿಯಲ್ಲ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ, ಗಂಟಲು ಬೇನೆ ಮತ್ತು ಚಪ್ಪೆ ರೋಗಕ್ಕೆ ಮಳೆಗಾಲದ ಮುಂಚೆ, ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಕಂದು ರೋಗದ ಲಸಿಕೆ. ಖಾನಾಪುರದ ಮಳೆ ಬಲ್ಲವರು ಗಂಟಲು ಬೇನೆಯ ಲಸಿಕೆಯನ್ನು ರೋಹಿಣಿ ಮಳೆಗೆ ಮೊದಲೇ ಮುಗಿಸುವುದು ಲೇಸು.

ಇನ್ನು ಸಂಘದ ಕಡೆಯಿಂದ ಒಂದು ವಿನಂತಿ. ಕಚೇರಿಯಲ್ಲಿ ಒಂದು ದಪ್ಪ ವಹಿ ತೆಗೆದಿರಿಸಿದ್ದೇನೆ. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ದನದ ಔಷಧ ಬಲ್ಲ ಹಿರಿಯರಿದ್ದರೆ ಕರೆತನ್ನಿ. ಅತ್ತೆ ಸೊಸೆಯರು ಬಲ್ಲದ್ದಿದ್ದರೆ ಅದೂ ಬರಲಿ. ಗಿಡದ ಹೆಸರು ಮಾತ್ರ ಸಾಲದು; ಎಲೆ, ಹೂವು ಇರುವ ಟೊಂಗೆಯನ್ನೂ ತರಬೇಕು, ಒಣಗಿಸಿ ಪುಟಕ್ಕೆ ಅಂಟಿಸುತ್ತೇವೆ. ಬರೆದದ್ದನ್ನು ಡಾಕ್ಟರರಿಗೆ ತೋರಿಸಿದ ಮೇಲೆಯೇ ಪತ್ರಿಕೆಯಲ್ಲಿ ಅಚ್ಚು ಮಾಡುವುದು. ಕಾಕತಿಯ ಮುದುಕರ ಮಗ ತಮಗೆ ಗೊತ್ತಿದ್ದ ನಾಲ್ಕನ್ನು ಈಗಾಗಲೇ ಬರೆಸಿ, ಮೊದಲ ಪುಟಕ್ಕೆ ಸಹಿ ಹಾಕಿ ಹೋಗಿದ್ದಾರೆ. ಮೂರೆಲೆಯದು ಯಾವುದೆಂದು ಅವರಿನ್ನೂ ಹುಡುಕುತ್ತಿದ್ದಾರೆ.